ಕೆಸಿಕ್‌ಗೆ ಅಪ್ಪ ಅಮ್ಮನ ಜೊತೆ ಮೂರು ದಿನ: ಬೆಟ್ಟ ಹತ್ತಲೇಬೇಕಾ?

ತುಂಗಾತೀರ, ಬರ್ಮಿಂಗ್‌ಹ್ಯಾಮ್

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯಿಂದ ಬಂದಿದ್ದಾರೆ. ಲಂಡನ್ ತೋರಿಸಿದ್ದಾಯಿತು, ಮ್ಯೂಸಿಯಂ ಸುತ್ತಿದ್ದಾಯಿತು. ಅಪ್ಪ ಎರಡನೇ ದಿನವೇ "ಇಲ್ಲಿ ಮಣ್ಣೇ ಕಾಣುವುದಿಲ್ಲವಲ್ಲ ಮಗಾ" ಎಂದರು. ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಿದ್ದವರು ಈಗ ಕಿಟಕಿ ಪಕ್ಕ ಕೂತು ಕೂತು ಮಂಕಾಗಿದ್ದಾರೆ. ನನಗೆ ನೋಡಲು ಆಗುತ್ತಿಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ಮೂರು ದಿನ ರಜೆ ಸಿಕ್ಕಿದೆ. ಇಂಗ್ಲೆಂಡ್‌ನ ವಾಯವ್ಯದಲ್ಲಿರುವ ಬೆಟ್ಟ, ಕೆರೆಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್‌ನ ಕೆಸಿಕ್ ಊರಿಗೆ ಕರೆದುಕೊಂಡು ಹೋಗೋಣ ಅಂತ ಇದ್ದೇನೆ. ಆದರೆ ಎಲ್ಲಿ ನೋಡಿದರೂ ಬೆಟ್ಟ ಹತ್ತುವವರದ್ದೇ ಮಾತು. ಅಪ್ಪನಿಗೆ 71, ಬಲ ಮಂಡಿ ನೋವು. ಹತ್ತುವುದಕ್ಕಿಂತ ಇಳಿಯುವಾಗ ಜಾಸ್ತಿ ಕಷ್ಟ. ಅಮ್ಮನಿಗೆ 66, ಚೆನ್ನಾಗಿ ನಡೆಯುತ್ತಾರೆ, ಆದರೆ ಶೂ ಹಾಕಿ ರೂಢಿ ಇಲ್ಲ. ಬೆಟ್ಟ ಹತ್ತದವರಿಗೆ ಆ ಊರಲ್ಲಿ ಏನಾದರೂ ಇದೆಯಾ? ಕಾರು ತರಬೇಕಾ, ಬೇಡವಾ?

ಬೆಟ್ಟದ ಗಾಳಿ, ಮ್ಯಾಂಚೆಸ್ಟರ್

ಕೆಸಿಕ್‌ಗೆ ಹೋಗಿ ಕ್ಯಾಟ್‌ಬೆಲ್ಸ್ ಹತ್ತದೆ ಬಂದರೆ ಶೃಂಗೇರಿಗೆ ಹೋಗಿ ಮೀನಿಗೆ ಪುರಿ ಹಾಕದೆ ಬಂದ ಹಾಗೆ. 451 ಮೀಟರ್ ಅಷ್ಟೇ. ಚಿಕ್ಕ ಮಕ್ಕಳೂ ಹತ್ತುತ್ತಾರೆ. ಮೇಲೆ ನಿಂತರೆ ಒಂದು ಕಡೆ ಡರ್ವೆಂಟ್‌ವಾಟರ್ ಕೆರೆ ಪೂರ್ತಿ, ಇನ್ನೊಂದು ಕಡೆ ನ್ಯೂಲ್ಯಾಂಡ್ಸ್ ಕಣಿವೆ. ನಿಧಾನವಾಗಿ ಹತ್ತಿಸಿ, ಆಗುತ್ತದೆ.

ಲೀಡ್ಸ್ ಅಕ್ಕ

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಕ್ಯಾಟ್‌ಬೆಲ್ಸ್ ಎತ್ತರ ಕಡಿಮೆ ನಿಜ. ಆದರೆ ತುದಿಗೆ ಹೋಗುವ ಮುಂಚೆ ಬರೀ ಬಂಡೆ. ಕೈ ಊರಿ ಹತ್ತಬೇಕು. ಲಕ್ಷಾಂತರ ಕಾಲು ಉಜ್ಜಿ ಉಜ್ಜಿ ಕಲ್ಲು ನುಣುಪಾಗಿದೆ. ನಮ್ಮ ಊರಿನ ಹಳೆಯ ಒರಳುಕಲ್ಲಿನ ಅಂಚು ಇರುತ್ತದಲ್ಲ, ಹಾಗೆ. ಒದ್ದೆಯಾದರೆ ಅಲ್ಲಿ ಕಾಲು ನಿಲ್ಲುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಓಡುವ ಶೂ ಹಾಕಿಕೊಂಡು ಹೋಗಿದ್ದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಜಾರಿದೆ. ಮಣಿಕಟ್ಟು ಬಿರುಕು ಬಿಟ್ಟಿತು. ನಲವತ್ತು ವರ್ಷದವಳಿಗೆ ಹೀಗಾದರೆ 71ರ ಮಂಡಿಗೆ ಏನು ಗತಿ? ಇಳಿಜಾರೇ ಕಷ್ಟ ಅಂತ ಅವರೇ ಬರೆದಿದ್ದಾರೆ. ದಯವಿಟ್ಟು ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

ಹತ್ತದವರಿಗೆ ಏನಿದೆ ಅಂತ ಕೇಳಿದಿರಿ. ತುಂಬಾ ಇದೆ. ಊರ ಪೇಟೆಯಿಂದ ಕೆರೆಗೆ ಹತ್ತು ನಿಮಿಷ. ದೋಣಿ ಕಟ್ಟೆಯಿಂದ ಮುಂದೆ ಇನ್ನೊಂದು ಹತ್ತು ನಿಮಿಷ ನಡೆದರೆ ಫ್ರೈಯರ್ಸ್ ಕ್ರ್ಯಾಗ್. ಗಾಲಿಕುರ್ಚಿಯೂ ಹೋಗುವಂಥ ಸಮದಾರಿ. ಕೊನೆಯಲ್ಲಿ ಬೆಂಚು. ಅಲ್ಲಿ ಕೂತರೆ ಎದುರಿಗೆ ಕೆರೆ, ದ್ವೀಪಗಳು, ಆಚೆ ಬಾರೋಡೇಲ್ ಕಣಿವೆಯ ಬಾಯಿ. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಮರುದಿನ ಎರಡು ಗಂಟೆ ಅಲ್ಲೇ ಕೂತಿದ್ದೆ. ಆ ಪ್ರವಾಸದಲ್ಲಿ ನನಗೆ ಈಗಲೂ ನೆನಪಿರುವುದು ಆ ಎರಡು ಗಂಟೆ.

ಬೆಟ್ಟದ ಗಾಳಿ, ಮ್ಯಾಂಚೆಸ್ಟರ್

ಇಳಿಜಾರಿನ ಮಾತು ನಾನು ಸರಿಯಾಗಿ ಓದಿರಲಿಲ್ಲ. ನಿಮ್ಮ ಮಾತು ಸರಿ ಅಕ್ಕ. ಅಪ್ಪನಿಗೆ ಬೇಡ.

ಹಳಿ ದಾರಿ, ಪ್ರೆಸ್ಟನ್

ಕಾರಿನ ವಿಷಯ ಹೇಳುತ್ತೇನೆ. ಬೇಡ. ಬರ್ಮಿಂಗ್‌ಹ್ಯಾಮ್‌ನಿಂದ ಪೆನ್ರಿತ್‌ಗೆ ನೇರ ರೈಲು ಇದೆ, ಸುಮಾರು ಮೂರು ಗಂಟೆ. ಸ್ಟೇಷನ್ ಎದುರಿನಿಂದಲೇ ಎಕ್ಸ್4, ಎಕ್ಸ್5 ಬಸ್ಸು. ಮುಕ್ಕಾಲು ಗಂಟೆಯಲ್ಲಿ ಕೆಸಿಕ್. ವಿಂಡರ್ಮಿಯರ್ ಕಡೆಯಿಂದ ಬರುವವರಿಗೆ 555 ಬಸ್ಸು. ಅದರಲ್ಲಿ ಮಹಡಿಯ ಮುಂದಿನ ಸೀಟು ಸಿಕ್ಕರೆ ಆ ದಾರಿಯೇ ಒಂದು ಪ್ರವಾಸ.

ಕಾರು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕ್ಯಾಟ್‌ಬೆಲ್ಸ್ ಬುಡದ ರಸ್ತೆ ನಮ್ಮ ಘಾಟಿಯ ಒಳದಾರಿಯಷ್ಟು ಕಿರಿದು. ರಜಾ ದಿನ ಎರಡೂ ಬದಿ ಕಾರು ನಿಲ್ಲಿಸಿಬಿಡುತ್ತಾರೆ. ಕಳೆದ ಆಗಸ್ಟ್‌ನಲ್ಲಿ ನಾನಿದ್ದ ಬಸ್ಸು ಅರ್ಧ ಗಂಟೆ ಅಲ್ಲೇ ಸಿಕ್ಕಿಕೊಂಡಿತು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಊರಿನ ಅಜ್ಜಿ ಒಬ್ಬರು ಒಂದೇ ಮಾತು ಹೇಳಿದರು: "ಮೇಲೆ ಯಾರಾದರೂ ಬಿದ್ದಿದ್ದರೆ ಆಂಬುಲೆನ್ಸ್ ಎಲ್ಲಿಂದ ಹೋಗಬೇಕು?" ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಊರಿನಲ್ಲಿ ಇರುವುದು ಐದು ಸಾವಿರದಷ್ಟು ಜನ. ಅಲ್ಲಿಗೆ ನಾವೆಲ್ಲ ಕಾರು ತಂದು ಸುರಿದರೆ ಅವರು ಬದುಕುವುದು ಹೇಗೆ ಅಲ್ವಾ?

ಆ ಬುಡಕ್ಕೂ ಹೋಗಲು ದೋಣಿ ಇದೆ. ಕೆಸಿಕ್ ಲಾಂಚ್ ಅಂತ. ಕೆರೆಯ ಸುತ್ತ ಏಳು ಕಟ್ಟೆಗಳಲ್ಲಿ ನಿಲ್ಲುತ್ತದೆ. ಒಂದು ಸುತ್ತಿಗೆ ಸುಮಾರು 50 ನಿಮಿಷ. ಒಂದು ಕಟ್ಟೆಯಲ್ಲಿ ಇಳಿದು, ನಡೆದು, ಮುಂದಿನ ಕಟ್ಟೆಯಲ್ಲಿ ಹತ್ತಬಹುದು. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಹೈ ಬ್ರ್ಯಾಂಡಲ್‌ಹೌ ಕಟ್ಟೆಯಲ್ಲಿ ಇಳಿಯಿರಿ, ಮರಗಳ ನೆರಳಲ್ಲಿ ನೀರಿನ ಪಕ್ಕದಲ್ಲೇ ಹಾಸ್ ಎಂಡ್ ಕಟ್ಟೆಯವರೆಗೆ ನಡೆಯಿರಿ. ಬೇರು, ಕಲ್ಲು ಇರುತ್ತವೆ, ಕೋಲು ಹಿಡಿಸಿ.

ಗೊರಬು

ಮಳೆ ಬಗ್ಗೆ ಯಾರೂ ಹೇಳಲಿಲ್ಲ. ಕೆಸಿಕ್‌ನಿಂದ ಬಾರೋಡೇಲ್ ಒಳಗೆ ಹೋದರೆ ಸೀಥ್ವೇಟ್ ಎಂಬ ಹಳ್ಳಿ. ಇಂಗ್ಲೆಂಡ್‌ನಲ್ಲಿ ಜನ ವಾಸವಿರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ನಿಮ್ಮ ಅಪ್ಪನಿಗೆ ಇದು ದೊಡ್ಡದಲ್ಲ. ಆಗುಂಬೆಯಲ್ಲಿ 7000 ದಾಟುತ್ತದೆ. ಆದರೆ ನಮ್ಮ ಮಳೆ ಬೆಚ್ಚಗಿನ ಮಳೆ. ಇಲ್ಲಿನದ್ದು ಗಾಳಿ ಜೊತೆ ಅಡ್ಡ ಬಂದು ಮೂಳೆಗೆ ಇಳಿಯುತ್ತದೆ. ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ ಮಳೆಕೋಟು, ಮಳೆ ಪ್ಯಾಂಟು, ಒಳಗೆ ಉಣ್ಣೆ. ಹತ್ತಿ ಬಟ್ಟೆ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ.

ಇನ್ನೊಂದು. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿ ಬಂದಾಗ ಹತ್ತಿರದ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಮಳೆ ಬಿತ್ತು. ಬ್ರಿಟನ್ನಿನ ದಾಖಲೆ. 2009ರ ಪ್ರವಾಹದ ನಂತರ ಗ್ರೇಟಾ ಹೊಳೆಗೆ ತಡೆಗೋಡೆ ಕಟ್ಟಿದ್ದರು. ನೀರು ಅದನ್ನೂ ದಾಟಿ ಊರಿಗೆ ನುಗ್ಗಿತು. ಆ ಗೋಡೆಯ ಮೇಲ್ಭಾಗ ಗಾಜು. ಮನೆಯವರಿಗೆ ಹೊಳೆ ಕಾಣಬೇಕು ಅಂತ ಹಾಗೆ ಮಾಡಿದ್ದಾರೆ. ಹೋದಾಗ ಅದರ ಪಕ್ಕ ನಿಂತು ನೋಡಿ. ಹೊಳೆಗೆ ಹೆದರಿಕೊಂಡೂ ಹೊಳೆಯನ್ನು ಬಿಟ್ಟಿರಲಾರದ ಜನ. ತುಂಗೆಯ ದಡದವರಿಗೆ ಇದು ಬೇಗ ಅರ್ಥವಾಗುತ್ತದೆ.

ತುಂಗಾತೀರ, ಬರ್ಮಿಂಗ್‌ಹ್ಯಾಮ್

ಎಲ್ಲರಿಗೂ ಧನ್ಯವಾದ. ರೈಲು, ಬಸ್ಸು ಅಂತ ತೀರ್ಮಾನಿಸಿದೆ. ಅಮ್ಮನಿಗೆ ಶೂ ತಂದೆ. ಮನೆಯಲ್ಲೇ ದಿನಾ ಒಂದು ಗಂಟೆ ಹಾಕಿಸಿ ನಡೆಸುತ್ತಿದ್ದೇನೆ.

ಅಪ್ಪನದ್ದು ಒಂದೇ ಪ್ರಶ್ನೆ. "ಬೇರೆಯವರ ಜಮೀನಿನಲ್ಲಿ ನಾವು ನಡೆಯಬಹುದಾ? ಯಾರಾದರೂ ಬೈದರೆ?" ನನಗೂ ಸರಿಯಾಗಿ ಗೊತ್ತಿಲ್ಲ.

ಕಾಲುದಾರಿ, ಲ್ಯಾಂಕಾಸ್ಟರ್

ಅಪ್ಪನ ಪ್ರಶ್ನೆ ತುಂಬಾ ಒಳ್ಳೆಯದು. ಅದಕ್ಕೆ ಉತ್ತರ ಕೆಸಿಕ್‌ನಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಊರ ಹಿಂದೆ ಲ್ಯಾಟ್ರಿಗ್ ಅಂತ ಒಂದು ಬೆಟ್ಟ, 368 ಮೀಟರ್. ಊರಿನವರು ತಲೆಮಾರುಗಳಿಂದ ಹತ್ತುತ್ತಿದ್ದ ಬೆಟ್ಟ. 1880ರ ದಶಕದಲ್ಲಿ ಜಮೀನಿನ ಮಾಲೀಕರು ದಾರಿಗೆ ಅಡ್ಡ ಹಾಕಿದರು. ಊರಿನವರು ಕಾಲುದಾರಿ ಉಳಿಸುವ ಸಂಘ ಕಟ್ಟಿಕೊಂಡರು. 1887ರ ಅಕ್ಟೋಬರ್ 1ರಂದು ಸುಮಾರು 2000 ಜನ ಒಟ್ಟಾಗಿ ಅಡ್ಡಗಳನ್ನು ದಾಟಿ ಬೆಟ್ಟ ಹತ್ತಿದರು. ವಿಷಯ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಗಿ ತುದಿಯ ದಾರಿ ಜನರಿಗೆ ಸಿಕ್ಕಿತು. ಬೆಟ್ಟದಲ್ಲಿ ನಡೆಯುವ ಹಕ್ಕಿಗಾಗಿ ನಡೆದ ಕಿಂಡರ್ ಸ್ಕೌಟ್ ಹೋರಾಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದು ನಡೆದದ್ದು 1932ರಲ್ಲಿ. ಲ್ಯಾಟ್ರಿಗ್‌ನದ್ದು ಅದಕ್ಕೂ 45 ವರ್ಷ ಮುಂಚೆ.

ಆ ಹೋರಾಟದಲ್ಲಿ ಇದ್ದವರಲ್ಲಿ ಒಬ್ಬರು ಹಾರ್ಡ್‌ವಿಕ್ ರಾನ್ಸ್ಲಿ, ಅಲ್ಲಿನ ಕ್ರಾಸ್‌ತ್ವೇಟ್ ಚರ್ಚಿನ ಪಾದ್ರಿ. 1895ರಲ್ಲಿ ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಜೊತೆ ಸೇರಿ ಜನರಿಗಾಗಿ ಜಾಗ, ಕಟ್ಟಡಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಕಟ್ಟಿದವರು. ಆ ಟ್ರಸ್ಟ್ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಮೊದಲು ಕೊಂಡ ಜಾಗ ಮೇಲೆ ಹೇಳಿದ ಬ್ರ್ಯಾಂಡಲ್‌ಹೌ ಕಾಡೇ. 1902ರಲ್ಲಿ. ಜನರಿಂದ ಚಂದಾ ಎತ್ತಿ, 108 ಎಕರೆಗೆ 6500 ಪೌಂಡ್ ಕೊಟ್ಟರು. 2002ರಲ್ಲಿ ನೂರು ವರ್ಷದ ನೆನಪಿಗೆ ಅಲ್ಲಿ ಮರದಲ್ಲಿ ಕೆತ್ತಿದ ಎರಡು ದೊಡ್ಡ ಅಂಗೈಗಳನ್ನು ಇಟ್ಟರು.

ಹಾಗಾಗಿ ಅಪ್ಪನಿಗೆ ಹೇಳಿ: ನಕ್ಷೆಯಲ್ಲಿ ಹಸಿರು ಗೆರೆ ಇರುವ ದಾರಿಯಲ್ಲಿ ನಡೆಯುವುದು ಹಕ್ಕು. ಯಾರ ಅಪ್ಪಣೆಯೂ ಬೇಕಿಲ್ಲ. ಗದ್ದೆಯ ನಡುವೆ ಹೋದರೂ ಸರಿ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಬರಬೇಕು, ನಾಯಿ ಇದ್ದರೆ ಕಟ್ಟಿ ಹಿಡಿಯಬೇಕು, ಅಷ್ಟೇ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಓಎಲ್4 ನಕ್ಷೆ ತೆಗೆದುಕೊಳ್ಳಿ. ಫೋನ್ ನಂಬಬೇಡಿ, ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಲ್ಯಾಟ್ರಿಗ್‌ಗೆ ಅಪ್ಪನೂ ಹತ್ತಬಹುದು! ಊರಿನಿಂದ ಹೋದರೆ ಏರು. ಆದರೆ ಬೆಟ್ಟದ ಹಿಂಬದಿ, ಸ್ಕಿಡಾ ಎಂಬ ದೊಡ್ಡ ಬೆಟ್ಟದ ಬುಡದವರೆಗೆ ರಸ್ತೆ ಇದೆ. ಟ್ಯಾಕ್ಸಿಯಲ್ಲಿ ಅಲ್ಲಿಗೆ ಹೋಗಿ. ಅಲ್ಲಿಂದ ತುದಿಯ ಹತ್ತಿರಕ್ಕೆ ನಡೆಯಲು ಕಷ್ಟ ಇರುವವರಿಗಾಗಿಯೇ ಸಮ ಮಾಡಿದ ದಾರಿ. ಬೇಲಿ, ಗೋಡೆ ಹತ್ತಿ ದಾಟುವ ಮೆಟ್ಟಿಲುಗಳಿಲ್ಲದ ಇಂಥ ದಾರಿಗಳಿಗೆ ಅಲ್ಲಿ 'ಮೈಲ್ಸ್ ವಿದೌಟ್ ಸ್ಟೈಲ್ಸ್' ಅನ್ನುತ್ತಾರೆ.

ಲೀಡ್ಸ್ ಅಕ್ಕ

ಇದು ನನಗೂ ಗೊತ್ತಿರಲಿಲ್ಲ. ಲ್ಯಾಟ್ರಿಗ್ ಮೇಲಿಂದ ಊರು, ಕೆರೆ ಎಲ್ಲ ಕಾಣುತ್ತದಾ?

ಕಾಲುದಾರಿ, ಲ್ಯಾಂಕಾಸ್ಟರ್

ಪೂರ್ತಿ. ಕ್ಯಾಟ್‌ಬೆಲ್ಸ್‌ನಿಂದ ಕಾಣುವುದಕ್ಕಿಂತ ಚೆನ್ನಾಗಿ ಅಂತಲೇ ನಾನು ಹೇಳುತ್ತೇನೆ.

ಬೆಟ್ಟದ ಗಾಳಿ, ಮ್ಯಾಂಚೆಸ್ಟರ್

ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಆದರೆ ಒಂದು ಸಹಾಯದ ಮಾತು. ಬೆಟ್ಟದಲ್ಲಿ ಏನಾದರೂ ಆದರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಸಿಗ್ನಲ್ ಇಲ್ಲದಿದ್ದರೆ ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೆಸಿಕ್ ತಂಡ 1947ರಿಂದ ಇದೆ. ಎಲ್ಲರೂ ಸ್ವಯಂಸೇವಕರು. ಅಂಗಡಿ ಬಿಟ್ಟು, ಊಟ ಬಿಟ್ಟು ಎದ್ದು ಬರುತ್ತಾರೆ. ದುಡ್ಡು ಕೇಳುವುದಿಲ್ಲ. ಊರಲ್ಲಿ ಅವರ ಡಬ್ಬಿ ಕಂಡರೆ ಏನಾದರೂ ಹಾಕಿ ಬನ್ನಿ.

ಅವಲಕ್ಕಿ ಮೊಸರು

ಊಟಕ್ಕೆ ಏನು ಮಾಡುತ್ತೀರಿ? ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ನಾವು ಹೋದಾಗ ಚಪಾತಿ, ಚಟ್ನಿಪುಡಿ, ಮೆಂತ್ಯದ ಪಲ್ಯ ಕಟ್ಟಿಕೊಂಡಿದ್ದೆವು. ಫ್ಲಾಸ್ಕಿನಲ್ಲಿ ಬಿಸಿ ಸಾರು ಒಯ್ಯಿರಿ. ಮಳೆಯಲ್ಲಿ ಬೆಂಚಿನ ಮೇಲೆ ಕೂತು ಕುಡಿದರೆ ಅಮ್ಮ ನಿಮ್ಮನ್ನು ಹರಸುತ್ತಾರೆ. ಸಸ್ಯಾಹಾರಕ್ಕೆ ಊರಲ್ಲಿ ತೊಂದರೆ ಇಲ್ಲ, ಆದರೆ ರಾತ್ರಿ ಅಡುಗೆಮನೆಗಳು ಬೇಗ ಮುಚ್ಚುತ್ತವೆ.

ತುಂಗಾತೀರ, ಬರ್ಮಿಂಗ್‌ಹ್ಯಾಮ್

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು. ಬರೆಯದೆ ಇರಲು ಆಗುತ್ತಿಲ್ಲ.

ಮೊದಲ ದಿನ ಸೋನೆ ಮಳೆ. ಸಾಮಾನು ಇಟ್ಟು ಪೇಟೆಗೆ ಬಂದೆವು. ನಡುವೆ ಮೂಟ್ ಹಾಲ್, 1813ರ ಕಟ್ಟಡ. ಗಡಿಯಾರಕ್ಕೆ ಒಂದೇ ಮುಳ್ಳು. ಅಮ್ಮ ಬಹಳ ಹೊತ್ತು ನೋಡಿ, "ಹನ್ನೆರಡೂವರೆ ಹತ್ತಿರ ಹತ್ತಿರ" ಎಂದರು. ಅಷ್ಟು ಸಾಕು ಅಲ್ವಾ ಅಂತ ನನಗೂ ಅನ್ನಿಸಿತು.

ಮಳೆ ಜೋರಾಯಿತು ಅಂತ ಪೆನ್ಸಿಲ್ ಮ್ಯೂಸಿಯಂಗೆ ಹೋದೆವು. ಸುಮ್ನೆ ಹೊತ್ತು ಕಳೆಯಲು ಹೋದದ್ದು, ಆದರೆ ಅಪ್ಪನನ್ನು ಹೊರಗೆ ಕರೆತರಲು ಕಷ್ಟವಾಯಿತು. 1500ರ ದಶಕದಲ್ಲಿ ಬಾರೋಡೇಲ್ ಬೆಟ್ಟದಲ್ಲಿ ಶುದ್ಧ ಗ್ರಾಫೈಟ್, ಅಂದರೆ ಪೆನ್ಸಿಲ್ ಸೀಸ, ಸಿಕ್ಕಿತಂತೆ. ಊರಿನವರು ಅದನ್ನು 'ವಾಡ್' ಅನ್ನುತ್ತಿದ್ದರು. ಕುರಿಗಳಿಗೆ ಗುರುತು ಹಾಕಲು ಬಳಸುತ್ತಿದ್ದರು ಅನ್ನುತ್ತಾರೆ. ಆಮೇಲೆ ಫಿರಂಗಿ ಗುಂಡು ಎರಕ ಹೊಯ್ಯುವ ಅಚ್ಚಿಗೆ ಬೇಕಾಗಿ ಬೆಲೆ ಏರಿತು. ಎಷ್ಟು ಅಂದರೆ, ಅದನ್ನು ಕದಿಯುವುದರ ವಿರುದ್ಧ 1752ರಲ್ಲಿ ಸಂಸತ್ತಿನಲ್ಲೇ ಕಾಯ್ದೆ ಆಯಿತು. ಅಪ್ಪ ಇಡೀ ಜೀವನ ತೋಟದ ಲೆಕ್ಕ ಪೆನ್ಸಿಲ್‌ನಲ್ಲೇ ಬರೆದವರು. ಮಳೆಯಲ್ಲಿ ಶಾಯಿ ಕದಡುತ್ತದೆ, ಸೀಸ ಕದಡುವುದಿಲ್ಲ ಅಂತ. ಹೊರಡುವಾಗ ಒಂದು ಡಜನ್ ಪೆನ್ಸಿಲ್ ಕೊಂಡರು. ಒಂದರ ತುದಿಯನ್ನು ಹೆಬ್ಬೆರಳಿಗೆ ತೀಡಿ, ಕಪ್ಪು ಹೊಳೆಯುವುದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು.

ಎರಡನೇ ದಿನ ಬಿಸಿಲು. ಹಳೆಯ ರೈಲು ದಾರಿಯಲ್ಲಿ ಥ್ರೆಲ್ಕೆಲ್ಡ್ ಕಡೆಗೆ ಹೊರಟೆವು. 1972ರಲ್ಲಿ ಮುಚ್ಚಿದ ರೈಲು. ಆಮೇಲೆ ನಡಿಗೆ ದಾರಿಯಾಗಿತ್ತು, 2015ರ ನೆರೆಗೆ ಸೇತುವೆಗಳು ಕೊಚ್ಚಿಹೋಗಿ, 2020ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ. ಐದು ಕಿಲೋಮೀಟರ್, ಅಂಗಳದಷ್ಟು ಸಮ. ಗ್ರೇಟಾ ಹೊಳೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದು ಸುರಂಗವೂ ಇದೆ. ಅಮ್ಮ ಒಳಗೆ ಕೂಗಿ ಮಾರ್ದನಿ ಕೇಳಿದರು. ಅಪ್ಪ ಒಂದೂ ಸಲ ಮಂಡಿಯ ಮಾತೆತ್ತದೆ ಪೂರ್ತಿ ನಡೆದರು. ವಾಪಸ್ ಬಸ್ಸಿನಲ್ಲಿ ಬಂದೆವು.

ಮಧ್ಯಾಹ್ನದ ಮೇಲೆ ಕ್ಯಾಸಲ್‌ರಿಗ್ ಕಲ್ಲುಗಳ ವೃತ್ತಕ್ಕೆ ಟ್ಯಾಕ್ಸಿ. ಸುಮಾರು ಐದು ಸಾವಿರ ವರ್ಷ ಹಳೆಯದು. ಟಿಕೆಟ್ಟಿಲ್ಲ. ಸುತ್ತ ಬೆಟ್ಟ, ನಡುವೆ ಹುಲ್ಲು, ಕಲ್ಲುಗಳ ನಡುವೆ ಕುರಿ. ಎಲ್ಲರೂ ಕಲ್ಲುಗಳನ್ನು ನೋಡುತ್ತಿದ್ದರೆ ಅಪ್ಪ ಪಕ್ಕದ ಗದ್ದೆಯ ಗೋಡೆ ನೋಡುತ್ತಾ ನಿಂತರು. ಗಾರೆಯಿಲ್ಲದ ಗೋಡೆ. ಎರಡು ಮುಖ ಕಟ್ಟಿ, ನಡುವೆ ಚೂರುಗಲ್ಲು ತುಂಬಿ, ಅಲ್ಲಲ್ಲಿ ಎರಡೂ ಮುಖ ಹಿಡಿಯುವ ಹಾಗೆ ಉದ್ದಗಲ್ಲು ಅಡ್ಡ ಹಾಕಿದ್ದಾರೆ. ಅಪ್ಪ ಒಂದು ಕಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರು. ಅಲುಗಲಿಲ್ಲ. "ನಾವು ಅಗಳು ತೋಡುತ್ತೇವೆ, ಇವರು ಗೋಡೆ ಕಟ್ಟುತ್ತಾರೆ. ದನ ಬರಬಾರದು ಅಷ್ಟೇ" ಎಂದರು.

ಅಲ್ಲಿಗೆ ಕುರಿ ನೋಡಲು ಬಂದ ರೈತರೊಬ್ಬರು ಮಾತಿಗೆ ಸಿಕ್ಕರು. ನಾನು ನಡುವೆ ನಿಂತು ಅನುವಾದ ಮಾಡಿದೆ. ಅಲ್ಲಿನ ಹರ್ಡ್‌ವಿಕ್ ತಳಿಯ ಮರಿ ಹುಟ್ಟುವಾಗ ಕಪ್ಪು, ಬೆಳೆದ ಹಾಗೆ ಬೂದು, ಮುಖ ಮಾತ್ರ ಬಿಳಿ. ಬೇಲಿಯಿಲ್ಲದ ಬೆಟ್ಟದಲ್ಲೂ ತಮ್ಮ ಜಾಗ ಬಿಟ್ಟು ಹೋಗುವುದಿಲ್ಲ. ಅದಕ್ಕೆ 'ಹೆಫ್ಟ್' ಅನ್ನುತ್ತಾರೆ. ತಾಯಿಯಿಂದ ಮರಿ ಕಲಿಯುತ್ತದೆ. ಅಪ್ಪ ಮಲೆನಾಡು ಗಿಡ್ಡದ ಬಗ್ಗೆ ಹೇಳಿದರು: ಬೆಳಿಗ್ಗೆ ಕಾಡಿಗೆ ಬಿಟ್ಟರೆ ಸಂಜೆ ತಾವೇ ಕೊಟ್ಟಿಗೆಗೆ ಬರುತ್ತವೆ ಅಂತ. ಆ ರೈತರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಅವಕ್ಕೆ ಎಷ್ಟು ಹಾಲು?" ಎಂದರು. ಅರ್ಧ ಗಂಟೆ ಮಾತು ನಡೆಯಿತು. ಕೊನೆಗೆ ಅವರು ಹಿಂದಿನವರು ಕುರಿ ಎಣಿಸುತ್ತಿದ್ದ ರೀತಿ ಹೇಳಿಕೊಟ್ಟರು: ಯಾನ್, ಟ್ಯಾನ್, ಟೆಥೆರಾ. ಅಮ್ಮ ಈಗ ಮನೆಯ ಮೆಟ್ಟಿಲನ್ನು ಹಾಗೇ ಎಣಿಸುತ್ತಿದ್ದಾರೆ.

ಮೂರನೇ ದಿನ ಬೆಳಿಗ್ಗೆ ದೋಣಿ ಹತ್ತಿ ಬ್ರ್ಯಾಂಡಲ್‌ಹೌಗೆ ಹೋದೆವು. ಮಧ್ಯಾಹ್ನ ಲ್ಯಾಟ್ರಿಗ್. ಕಾಲುದಾರಿಯವರು ಹೇಳಿದ ಹಿಂಬದಿಯ ದಾರಿಯಲ್ಲೇ ಹೋದೆವು. ತುದಿಯಲ್ಲಿ ಗಾಳಿ. ಒಂದು ಬೆಂಚು. ಕೆಳಗೆ ಊರು ಬೆಂಕಿಪೆಟ್ಟಿಗೆ ಜೋಡಿಸಿದ ಹಾಗೆ, ಆಚೆ ಕೆರೆ. ನಾನು 1887ರ ಕತೆ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ಎರಡು ಸಾವಿರ ಜನರಲ್ಲಿ ನನ್ನ ಹಾಗೆ ಮಂಡಿ ನೋವಿನವರೂ ಇದ್ದಿರಬೇಕು" ಎಂದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಟ್ಯಾಕ್ಸಿ ರಸೀದಿಯ ಹಿಂದೆ ಕೆರೆಯ ಆಕಾರ ಬರೆದುಕೊಂಡರು. ಊರಲ್ಲಿ ತಮ್ಮನಿಗೆ ತೋರಿಸಲು.

ಲೀಡ್ಸ್ ಅಕ್ಕ

ಓದಿ ಕಣ್ಣು ತುಂಬಿತು. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬೆಟ್ಟದ ಗಾಳಿ, ಮ್ಯಾಂಚೆಸ್ಟರ್

ನಾನು ಆರು ಸಲ ಹೋಗಿದ್ದೇನೆ. ಆ ಗೋಡೆಗಳಲ್ಲಿ ಅಡ್ಡ ಉದ್ದಗಲ್ಲು ಇರುವುದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಮುಂದಿನ ಸಲ ನೋಡುತ್ತೇನೆ.

ಹೊಸಬ, ಗ್ಲಾಸ್ಗೋ

ನಮ್ಮ ಅತ್ತೆ ಮಾವ ನವೆಂಬರ್‌ನಲ್ಲಿ ಬರುತ್ತಾರೆ. ಆಗ ಹೋಗಬಹುದಾ? ಬಾರೋಡೇಲ್ ಕಡೆ ಬಸ್ಸು ಇರುತ್ತದಾ?

ಹಳಿ ದಾರಿ, ಪ್ರೆಸ್ಟನ್

ಬಾರೋಡೇಲ್‌ಗೆ 78 ಬಸ್ಸು ವರ್ಷಪೂರ್ತಿ ಇದೆ. ಹಾನಿಸ್ಟರ್ ಸುತ್ತಿ ಬರುವ 77 ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ. ದೋಣಿ ಚಳಿಗಾಲದಲ್ಲಿ ಕಡಿಮೆ, ಕೊನೆಯದು ಎಷ್ಟಕ್ಕೆ ಅಂತ ಕಟ್ಟೆಯಲ್ಲೇ ಕೇಳಿಕೊಳ್ಳಿ. ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಎಲ್ಲರಿಗೂ ಒಂದೊಂದು ಟಾರ್ಚ್ ಇರಲಿ.